ಎಸ್ಟೀಮ್: ಗೇರ್‌ಬಾಕ್ಸ್ ಇಳಿಸದೆಯೇ ಸೋರಿಕೆ ನಿಂತಿತು

ಕೊನೆಗೂ ಕಳ್ಳ ಸಿಕ್ಕಿದ! ಎರಡು ಲಕ್ಷ ಕಿಲೋಮೀಟರ್ ದಾಟಿದ ನನ್ನ ಕಾರ್ಬ್ಯುರೇಟರ್ ಮಾದರಿಯ ಮಾರುತಿ ಎಸ್ಟೀಮ್ ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಇವತ್ತು ಬೆಳಿಗ್ಗೆ ಒಂದು ಹನಿಯೂ ಇರಲಿಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್ ಬದಲಿಸಿದ್ದನ್ನೆಲ್ಲ ವಿವರಿಸುವುದಿಲ್ಲ, ನಿಮಗೆ ಗೊತ್ತಿರುವುದೇ. ಅವೆಲ್ಲ ಮುಗಿದ ಮೇಲೂ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಕವಚ) ತಳದಿಂದ ಆಯಿಲ್ ತೊಟ್ಟಿಕ್ಕುತ್ತಲೇ ಇತ್ತು.

ಅಲ್ಲಿ ಆಯಿಲ್ ಕಂಡರೆ ಗ್ಯಾರೇಜಿನವರ ತೀರ್ಪು ಒಂದೇ: ಕ್ರ್ಯಾಂಕಿನ, ಅಂದರೆ ಇಂಜಿನ್ನಿನ ಮುಖ್ಯ ತಿರುಗು ದಂಡದ, ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಸೀಲಿನ ಬೆಲೆ ಅಲ್ಪ, ಅದನ್ನು ತಲುಪುವ ಕೂಲಿ ವಿಪರೀತ. "ಹೇಗೂ ಬಿಚ್ಚುತ್ತೇವೆ, ಕ್ಲಚ್ ಪ್ಲೇಟನ್ನೂ ಹಾಕಿಸಿಬಿಡಿ ಸಾರ್" ಎಂಬ ಸಲಹೆ ಬೇರೆ. ನಾನು ಒಪ್ಪಲಿಲ್ಲ. ಆ ಸೀಲ್ ಅಷ್ಟೊಂದು ಸುರಿಸುತ್ತಿದ್ದರೆ ಕ್ಲಚ್ ಪ್ಲೇಟಿಗೂ ಆಯಿಲ್ ತಾಗಿ ಏರಿನಲ್ಲಿ ಜಾರುವ ಸಾಧ್ಯತೆ ಹೆಚ್ಚು. ಈ ಕಾರು ಚಾಮುಂಡಿ ಬೆಟ್ಟವನ್ನು ಯಾವ ತಕರಾರೂ ಇಲ್ಲದೆ ಹತ್ತುತ್ತಿತ್ತು.

ಆಯಿಲ್ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಬೀಳುವ ಜಾಗ ಹುಟ್ಟಿದ ಜಾಗವಾಗಬೇಕಿಲ್ಲ. ಇಂಜಿನ್ನನ್ನು ಡೀಸೆಲ್ ಹಚ್ಚಿ ಉಜ್ಜಿ, ಪೂರ್ತಿ ಒಣಗಿಸಿ, ಬೆಲ್ ಹೌಸಿಂಗ್ ಸುತ್ತ ಟಾಲ್ಕಂ ಪೌಡರ್ ಉದುರಿಸಿದೆ. ನಿಂತಲ್ಲೇ ಓಡಿಸಿದರೆ ಏನೂ ಕಾಣಲಿಲ್ಲ. ಬೆಟ್ಟ ಹತ್ತಿಸಿ ಇಳಿಸಿ, ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದಾಗ ಪೌಡರಿನ ಮೇಲೆ ಸಣ್ಣದೊಂದು ಕಪ್ಪು ಗೆರೆ. ಅದು ಮೇಲಿನಿಂದ ಬಂದಿತ್ತು, ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಿಂದ!

ಈ 1298 ಸಿಸಿ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕೂರುವುದು ಹೆಡ್ಡಿನ (ಇಂಜಿನ್ನಿನ ಮೇಲ್ಭಾಗದ) ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ. ಅಲ್ಲಿ ಸೋರಿದ್ದೆಲ್ಲ ನೇರ ಬೆಲ್ ಹೌಸಿಂಗ್ ಮೇಲೆ ಇಳಿದು ಹಿಂದಿನ ಸೀಲಿನ ಮೇಲೆ ಅಪವಾದ ಹೊರಿಸುತ್ತದೆ. ಕ್ಯಾಪ್ ತೆಗೆದು ನೋಡಿದೆ, ಒಳಗೆ ಒಣಗಿತ್ತು. ಹಾಗಾದರೆ ಶಾಫ್ಟಿನ ಸೀಲ್ ಸರಿಯಿದೆ, ಹೋಗಿರುವುದು ಹೊರಗಿನ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ. ಬಾಡಿಯ ಮೇಲೆ ಗುರುತು ಹಾಕಿಕೊಂಡು ಹೊರಗೆಳೆದೆ. ರಿಂಗ್ ಚಪ್ಪಟೆಯಾಗಿತ್ತು, ಬಾಗಿಸಿದೊಡನೆ ಬಳೆಯಂತೆ ಪಟ್ಟನೆ ಮುರಿಯಿತು.

ಹೊಸದು ಸಿಗುವುದೇ ಪಾಡಾಯಿತು. ಒಂದು ಅಂಗಡಿಯವರು ಇಡೀ ಡಿಸ್ಟ್ರಿಬ್ಯೂಟರ್ ಕೊಳ್ಳಿ ಎಂದರು. ಇನ್ನೊಬ್ಬರು "ಅದೇ ಸಾರ್" ಎಂದು ಕೊಟ್ಟ ರಿಂಗ್ ಅದು ಕೂರುವ ತೋಡಿನೊಳಗೆ ಮುಳುಗಿಹೋಗುವಷ್ಟು ತೆಳ್ಳಗಿತ್ತು. ಗಿರಾಕಿಯ ಸಮಯಕ್ಕೆ ಬೆಲೆಯೇ ಇಲ್ಲವೇ? ಕೊನೆಗೆ ಕೈಹಿಡಿದದ್ದು ಮಂಡ್ಯದಲ್ಲಿ ಟ್ರ್ಯಾಕ್ಟರ್ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿ. ಡಿಸ್ಟ್ರಿಬ್ಯೂಟರನ್ನೇ ಕೊಂಡೊಯ್ದಿದ್ದೆ, ಅಲ್ಲಿನ ಹಿರಿಯರು ವರ್ನಿಯರ್ ಅಳತೆಗೋಲು ಹಿಡಿದು ರಿಂಗ್ ಕೂರುವ ತೋಡನ್ನೇ ಅಳೆದರು. ಚಪ್ಪಟೆಯಾದ ಹಳೆಯ ರಿಂಗನ್ನು ನಂಬಿದರೆ ಅಳತೆ ತಪ್ಪುತ್ತದೆ. ಶಾಖ ತಾಳುವ ರಬ್ಬರಾದ ವೈಟಾನಿನ ರಿಂಗನ್ನೇ ಕೇಳಿ ಪಡೆದೆ. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿಯ ಆಚೆ ಬೇಗ ಗಟ್ಟಿಯಾಗುತ್ತದೆ, ವೈಟಾನ್ 200ರ ತನಕ ತಾಳುತ್ತದೆ.

ದಯವಿಟ್ಟು ಇಂಥ ಕಡೆ ಸಿಲಿಕೋನ್ ಮೆತ್ತಬೇಡಿ. ಹಿಂದಿನ ಮಾಲೀಕರು ಮೆತ್ತಿಸಿದ್ದನ್ನು ಕೆರೆದು ತೆಗೆಯುವಷ್ಟರಲ್ಲಿ ಸಾಕಾಯಿತು. ಒಳಗೆ ಬಿದ್ದ ಚೂರು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಇಂಜಿನ್ನೇ ಹೋಗುತ್ತದೆ.

ಜೊತೆಗೆ ಇಂಜಿನ್ನಿನ ಒಳಗೆ ಕಟ್ಟುವ ಅನಿಲದ ಒತ್ತಡವನ್ನು ಹೊರಬಿಡುವ ಪಿಸಿವಿ ವಾಲ್ವ್ ನೋಡಲೇಬೇಕು. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಒಳಕ್ಕೆ ಎಳೆದುಕೊಳ್ಳಬೇಕಾದದ್ದು ಮೇಲಕ್ಕೆ ಉಬ್ಬಿತು. ವಾಲ್ವ್ ಮಡ್ಡಿ ಕಟ್ಟಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಒಳಗಿನ ಒತ್ತಡ ಇನ್ನೊಂದು ಸೀಲನ್ನು ಹುಡುಕಿಕೊಳ್ಳುತ್ತಿತ್ತು.

ಸೀಲ್ ಅಂಗಡಿಯಲ್ಲಿ ನಿಂತಾಗಲೇ ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ನೆನಪಾಗಿ ಅದರ ಕ್ರ್ಯಾಂಕ್ ಸೀಲುಗಳನ್ನೂ ವಿಚಾರಿಸಿದೆ. ಅದನ್ನು ತಯಾರಿಸಿದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಗಾಡಿಯನ್ನು ಮೈಸೂರಿನಲ್ಲೇ ಮತ್ತೆ ಓಡಿಸಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಟೂ ಸ್ಟ್ರೋಕಿನಲ್ಲಿ ಈ ಸೀಲ್ ಹೋದರೆ ಸೋರಿಕೆ ಹೊರಗೆ ಕಾಣುವುದಿಲ್ಲ. ಗೇರ್ ಆಯಿಲನ್ನು ಒಳಕ್ಕೆ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ.

ಡಿಸ್ಟ್ರಿಬ್ಯೂಟರನ್ನು ಮತ್ತೆ ಕೂರಿಸಿ, ಟೈಮಿಂಗ್ ಲೈಟ್ ಹಿಡಿದು ಎಸ್ಟೀಮಿನ ಕಿಡಿ ಹಾರುವ ಸಮಯವನ್ನು ಸರಿಪಡಿಸಿ, ಹೆದ್ದಾರಿಯಲ್ಲಿ ಮಂಡ್ಯಕ್ಕೆ ಹೋಗಿ ಬಂದೆ. ಬೆಲ್ ಹೌಸಿಂಗ್ ಒಣಗಿಯೇ ಇದೆ. ಆಯಿಲ್ ಪ್ರೆಷರ್ ಸ್ವಿಚ್ ಮಾತ್ರ ಸ್ವಲ್ಪ ಜಿನುಗುತ್ತಿದೆ. ಮುಂದಿನ ಭಾನುವಾರ ಅದನ್ನು ಬಿಚ್ಚುತ್ತೇನೆ.