ಫೈಲುಗಳೆಲ್ಲ ಬಂದವು, ಬೂಟ್ ಮಾತ್ರ ಬರಲಿಲ್ಲ

ಬಾಗಲಕೋಟೆಯ ನವನಗರದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಹಲವು ಪೆನ್‌ಡ್ರೈವ್‌ನಿಂದ ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಶುರುವಾಗುವುದಿಲ್ಲ. ಕೆಲವು ಹುನಗುಂದ, ಗುಳೇದಗುಡ್ಡದ ಕಡೆಯ ಶಾಲೆಗಳಿಗೆ ಯಾರೋ ದಾನ ಕೊಟ್ಟವು. ಇನ್ನು ಕೆಲವು ಇಳಕಲ್ಲಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಲಗ್ನಪತ್ರಿಕೆಗಳನ್ನು ತಯಾರಿಸಿ ಸವೆದವು. ಇವನ್ನು ಗುಜರಿಗೆ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಆರಂಭಿಸಿದ ಪಪ್ಪಿ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಹಳೆಯ ಆವೃತ್ತಿಯ ಒಂದು ಸಿ.ಡಿ. ಇದ್ದರೆ ಸಾಕು, 512 ಎಂ.ಬಿ. ಮೆಮೊರಿಯ ಯಂತ್ರವೂ ಎದ್ದು ಕೂರುತ್ತದೆ. ಹಾರ್ಡ್‌ಡಿಸ್ಕ್ ಕೆಟ್ಟಿದ್ದರೂ ಅದು ನಡೆಯುತ್ತದೆ, ಏಕೆಂದರೆ ಇಡೀ ವ್ಯವಸ್ಥೆ ಮೆಮೊರಿಯಲ್ಲಿ ಬಂದು ಕೂರುತ್ತದೆ. ಇದರ ಮೇಲೆ ಸಿ.ಡಿ.ಗೆ ಇನ್ನೊಂದು ಗುಣವೂ ಇದೆ. ಒಮ್ಮೆ ಬರೆದು ಮುಚ್ಚಿದ ಸಿ.ಡಿ.ಯೊಳಗೆ ವೈರಸ್ ನುಗ್ಗಲಾರದು. ಊರೆಲ್ಲ ಸುತ್ತಿ ಬರುವ ಪೆನ್‌ಡ್ರೈವ್‌ಗಳ ಬಗ್ಗೆ ಆ ಭರವಸೆಯನ್ನು ಯಾರೂ ಕೊಡಲಾರರು.

ಹೀಗಾಗಿ ಲಿನಕ್ಸ್ ಸಿ.ಡಿ.ಯ ನಕಲು ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಕೊಡುವುದಕ್ಕೆ ಸಂಕೋಚವಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ 1992ರಿಂದ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿದೆ, ನಕಲು ಮಾಡಿ ಹಂಚುವ ಹಕ್ಕನ್ನು ಆ ಪರವಾನಗಿಯೇ ಕೊಡುತ್ತದೆ. ಆದರೆ ಕೊಡುವ ನಕಲು ಕೆಲಸ ಮಾಡಬೇಕು. ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಮಕ್ಕಳನ್ನು ಕೂರಿಸಿಕೊಂಡು ಸಿ.ಡಿ. ಹಾಕಿದಾಗ ಪರದೆ ಕಪ್ಪಾಗಿಯೇ ಉಳಿದರೆ ಆ ಶಾಲೆಯವರು ಮತ್ತೆ ಲಿನಕ್ಸ್ ಹೆಸರೆತ್ತುವುದಿಲ್ಲ.

ಈಚೆಗೆ ಹುನಗುಂದ ತಾಲ್ಲೂಕಿನ ಒಂದು ಶಾಲೆಯ ಶಿಕ್ಷಕಿ ಎರಡು ಸಿ.ಡಿ. ಹಿಡಿದುಕೊಂಡು ಬಂದಿದ್ದರು. ಒಂದು ಗೀರುಬಿದ್ದ ಮೂಲ, ಇನ್ನೊಂದು ಯಾರೋ ಮಾಡಿಕೊಟ್ಟ ನಕಲು. "ಸರ್, ತೆರೆದು ನೋಡಿದರೆ ಫೈಲುಗಳೆಲ್ಲ ಇವೆ. ಕಂಪ್ಯೂಟರ್ ಮಾತ್ರ ಇದರಿಂದ ಶುರುವಾಗುವುದಿಲ್ಲ" ಎಂದರು. "ಕುಳಿತುಕೊಳ್ಳಿ ಟೀಚರ್, ಎರಡನ್ನೂ ಒಳಗಿನಿಂದ ತೋರಿಸುತ್ತೇನೆ" ಎಂದೆ.

ಡೇಟಾ ಸಿ.ಡಿ.ಯನ್ನು 2048 ಬೈಟುಗಳ ಸೆಕ್ಟರುಗಳಾಗಿ ವಿಂಗಡಿಸಲಾಗಿರುತ್ತದೆ. ಸೊನ್ನೆಯಿಂದ ಎಣಿಸಿದರೆ ಮೊದಲ ಹದಿನಾರು ಸೆಕ್ಟರುಗಳನ್ನು ಫೈಲು ವ್ಯವಸ್ಥೆ ಮುಟ್ಟುವುದಿಲ್ಲ. 16ನೆಯ ಸೆಕ್ಟರಿನಲ್ಲಿ ಇಡೀ ಸಿ.ಡಿ.ಯ ವಿವರ ಇರುತ್ತದೆ: ಅದರ ಹೆಸರು, ಗಾತ್ರ, ಫೋಲ್ಡರುಗಳ ಮೂಲ ಎಲ್ಲಿದೆ ಎಂಬುದು. ಬೂಟ್ ಆಗುವ ಸಿ.ಡಿ.ಯಾದರೆ ಅದರ ಮುಂದಿನ 17ನೆಯ ಸೆಕ್ಟರು ಬೂಟ್ ದಾಖಲೆ. ಮೂಲ ಸಿ.ಡಿ.ಯ ಆ ಸೆಕ್ಟರನ್ನು ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ವೀಕ್ಷಕದಲ್ಲಿ ತೆರೆದು ತೋರಿಸಿದೆ. ಮೊದಲು ಒಂದು ಸೊನ್ನೆ, ನಂತರ 'ಸಿಡಿ001', ಆಮೇಲೆ ದೊಡ್ಡ ಅಕ್ಷರಗಳಲ್ಲಿ 'ಎಲ್ ಟೊರಿಟೊ ಸ್ಪೆಸಿಫಿಕೇಶನ್'. ಇದು ಫೀನಿಕ್ಸ್ ಮತ್ತು ಐಬಿಎಂ ಸೇರಿ 1995ರಲ್ಲಿ ರೂಪಿಸಿದ ನಿಯಮದ ಹೆಸರು. ಅದೇ ಸೆಕ್ಟರಿನ 71ನೆಯ ಬೈಟಿನಿಂದ ನಾಲ್ಕು ಬೈಟುಗಳಲ್ಲಿ ಒಂದು ಸಂಖ್ಯೆ ಇದೆ. ಬೂಟ್ ಪಟ್ಟಿ ಯಾವ ಸೆಕ್ಟರಿನಲ್ಲಿದೆ ಎಂದು ಅದು ಹೇಳುತ್ತದೆ, ಆ ಪಟ್ಟಿಯಿಂದ ಬೂಟ್ ಮಾಡುವ ಪ್ರೋಗ್ರಾಮಿನ ಜಾಗ ಸಿಗುತ್ತದೆ.

ನಕಲಿನಲ್ಲಿಯೂ 'ಸಿಡಿ001' ಇತ್ತು. ಎಲ್ ಟೊರಿಟೊ ಇರಲಿಲ್ಲ. ಮಾಡಿಕೊಟ್ಟವರು ಫೈಲುಗಳನ್ನೆಲ್ಲ ಎಳೆದು ಹೊಸ ಸಿ.ಡಿ.ಗೆ ಹಾಕಿದ್ದರು. 17ನೆಯ ಸೆಕ್ಟರು ಫೈಲೇ ಅಲ್ಲವಾದ್ದರಿಂದ ಅದು ಎಳೆತಕ್ಕೆ ಸಿಗಲಿಲ್ಲ.

ಟೀಚರ್‌ಗೆ ನಮ್ಮ ಊರಿನ ಉದಾಹರಣೆಯನ್ನೇ ಕೊಟ್ಟೆ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ಮನೆಗಳ ಸಾಮಾನು ಲಾರಿಗಳಲ್ಲಿ ನವನಗರಕ್ಕೆ ಬಂತು. ಪಾತ್ರೆ, ಕಪಾಟು, ದೇವರ ಫೋಟೋ ಎಲ್ಲವೂ ಬಂದವು. ಆದರೆ ಅಂಚೆಯವನು ಸಾಮಾನು ನೋಡಿ ಮನೆ ಹುಡುಕುವುದಿಲ್ಲ. ಅವನಿಗೆ ಸೆಕ್ಟರ್ ನಂಬರು, ಪ್ಲಾಟ್ ನಂಬರು ಬೇಕು. ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಓಡುವ ಬಯೋಸ್ ಎಂಬ ಪ್ರೋಗ್ರಾಮ್ ಕೂಡ ಹಾಗೆಯೇ, ಫೋಲ್ಡರುಗಳನ್ನು ತೆರೆದು ನೋಡುತ್ತ ಕೂರುವುದಿಲ್ಲ, ನೇರವಾಗಿ 17ಕ್ಕೆ ಹೋಗುತ್ತದೆ. ಅಲ್ಲಿ ವಿಳಾಸ ಇಲ್ಲದಿದ್ದರೆ ಹಿಂತಿರುಗುತ್ತದೆ.

ಆದ್ದರಿಂದ ಮೊದಲು ಇಡೀ ಸಿ.ಡಿ.ಯನ್ನು ಸೆಕ್ಟರಿಗೆ ಸೆಕ್ಟರಾಗಿ ಓದಿ ಒಂದೇ ಇಮೇಜ್ ಫೈಲು ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಲಿನಕ್ಸ್‌ನಲ್ಲಿರುವ 'ಡಿಡಿ' ಎಂಬ ನಕಲು ಮಾಡುವ ಪ್ರೋಗ್ರಾಮ್ ಸಾಕು. ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಒಂದೊಂದು ಟ್ರ್ಯಾಕನ್ನು ಬೇರೆಬೇರೆಯಾಗಿ ಬರೆಯುವ 'ಟ್ರ್ಯಾಕ್ ಅಟ್ ಒನ್ಸ್' ವಿಧಾನದಲ್ಲಿ ಬರೆದ ಸಿ.ಡಿ.ಯ ಕೊನೆಯಲ್ಲಿ ಎರಡು ಸೆಕ್ಟರುಗಳು ಓದಲಿಕ್ಕಾಗದ ಬಾಲದಂತೆ ಉಳಿಯುತ್ತವೆ. ಡಿಡಿ ಅಲ್ಲಿಗೆ ಬಂದು ದೋಷ ಎನ್ನುತ್ತದೆ, ನೋಡಿದವರು ಸಿ.ಡಿ. ಹಾಳಾಗಿದೆ ಎಂದುಕೊಂಡು ಎಸೆಯುತ್ತಾರೆ. ನಿಜವಾದ ಗಾತ್ರ 16ನೆಯ ಸೆಕ್ಟರಿನಲ್ಲೇ ಬರೆದಿರುತ್ತದೆ. 'ಐಸೋಸೈಜ್' ಎಂಬ ಪುಟ್ಟ ಪ್ರೋಗ್ರಾಮ್ ಅದನ್ನು ಓದಿ ಹೇಳುತ್ತದೆ. ಡಿಡಿಗೆ ಬ್ಲಾಕ್ ಗಾತ್ರ 2048 ಎಂದೂ ಎಣಿಕೆಗೆ ಆ ಗಾತ್ರದಲ್ಲಿರುವ ಸೆಕ್ಟರುಗಳ ಸಂಖ್ಯೆಯನ್ನೂ ಕೊಟ್ಟರೆ ಅದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಪೆನ್‌ಡ್ರೈವ್‌ನಿಂದಲೂ ಬೂಟ್ ಆಗುವಂತೆ ಮಾಡಿದ ಈಚಿನ ಕೆಲವು ಇಮೇಜುಗಳಲ್ಲಿ ಈ ಗಾತ್ರದ ಆಚೆಗೂ ಸ್ವಲ್ಪ ಭಾಗ ಇರುತ್ತದೆ. ಇಳಿಸಿಕೊಂಡ ಇಮೇಜ್ ಫೈಲು ಕೈಯಲ್ಲಿದ್ದರೆ ಅದರ ಉದ್ದವನ್ನೇ ಅಳತೆಯಾಗಿ ಇಟ್ಟುಕೊಳ್ಳಿ.

ಟೀಚರ್ ತಂದ ಮೂಲಕ್ಕೆ ಡಿಡಿ ಸಾಲಲಿಲ್ಲ. ಮಧ್ಯದಲ್ಲಿ ಒಂದು ಕಡೆ ಡ್ರೈವ್ ಕಿರುಗುಟ್ಟಿ ನಿಂತುಬಿಡುತ್ತಿತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಸುತ್ತಲೂ ತಿರುವಿ ಒರೆಸಿದರೆ ಆಗುವ ಗೀರು ಒಂದೇ ಸುತ್ತಿನ ಉದ್ದಕ್ಕೂ ಸಾಗಿ ಹೆಚ್ಚು ಹಾನಿ ಮಾಡುತ್ತದೆ. ನಂತರ 'ಡಿಡಿರೆಸ್ಕ್ಯೂ' ಹಚ್ಚಿದೆ. ಇದರಷ್ಟು ಉಪಕಾರ ಮಾಡಿದ ಪ್ರೋಗ್ರಾಮ್ ನನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ. ಸುಲಭವಾಗಿ ಸಿಗುವ ಭಾಗವನ್ನು ಮೊದಲು ಓದಿ ಮುಗಿಸುತ್ತದೆ, ತೊಡಕಿನ ಸೆಕ್ಟರುಗಳನ್ನು ಒಂದು ನಕ್ಷೆ ಫೈಲಿನಲ್ಲಿ ಗುರುತು ಹಾಕಿಕೊಂಡು ಕೊನೆಗೆ ಅವುಗಳ ಬಳಿ ಬರುತ್ತದೆ. ಅದೇ ನಕ್ಷೆ ಇಟ್ಟುಕೊಂಡು ಸಿ.ಡಿ.ಯನ್ನು ಬೇರೆ ಡ್ರೈವಿಗೆ ಹಾಕಿದರೆ ಬಾಕಿ ಉಳಿದ ಸೆಕ್ಟರುಗಳನ್ನು ಮಾತ್ರ ಓದುತ್ತದೆ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುವುದು ಅಪರೂಪವಲ್ಲ. ನನ್ನ ಹಳೆಯ ಐಡಿಇ ಡ್ರೈವ್ ಉಳಿದದ್ದನ್ನು ಎತ್ತಿಕೊಂಡಿತು. ಇಮೇಜಿನ ಚೆಕ್‌ಸಮ್ (ಫೈಲು ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತಿನ ಅಕ್ಷರಗಳ ಸಾಲು) ತೆಗೆದು ಪಪ್ಪಿಯವರು ಪ್ರಕಟಿಸಿದ್ದರೊಂದಿಗೆ ತಾಳೆ ನೋಡಿದೆವು. ಟೀಚರ್ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದರು, ನಾನು ಪರದೆಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಕೊನೆಯವರೆಗೂ ಕೂಡಿಬಂತು.

ಬರೆಯುವಾಗ ಇಮೇಜನ್ನು ಇಮೇಜಾಗಿಯೇ ಬರೆಯಬೇಕು. ಸಿ.ಡಿ. ಬರೆಯುವ ಪ್ರೋಗ್ರಾಮುಗಳಾದ ಬ್ರಸೆರೋ, ಕೆತ್ರೀಬಿ ಎರಡರಲ್ಲೂ ಅದಕ್ಕೆ ಪ್ರತ್ಯೇಕ ಆಯ್ಕೆ ಇದೆ. ಇಮೇಜ್ ಫೈಲನ್ನು ಡೇಟಾ ಸಿ.ಡಿ.ಯ ಕಿಟಕಿಗೆ ಎಳೆದು ಹಾಕಿದರೆ ಒಂದೇ ಒಂದು ದೊಡ್ಡ ಫೈಲಿರುವ ಸಿ.ಡಿ. ಸಿಗುತ್ತದೆ, ಅಷ್ಟೇ. ಇಡೀ ಸಿ.ಡಿ.ಯನ್ನು ಒಂದೇ ಬಾರಿಗೆ ಬರೆಯುವ 'ಡಿಸ್ಕ್ ಅಟ್ ಒನ್ಸ್' ವಿಧಾನವನ್ನು ಆರಿಸಿದರೆ ಕೊನೆಯ ಬಾಲದ ತಂಟೆ ಇರುವುದಿಲ್ಲ. ಬರೆಯುವ ವೇಗ 16ಎಕ್ಸ್ ಆಸುಪಾಸು ಇರಲಿ. 700 ಎಂ.ಬಿ. ಸಿ.ಡಿ. ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ.

ಬರೆದು ಮುಗಿಯಿತು ಎಂಬ ಸಂದೇಶವನ್ನು ನಾನು ನಂಬುವುದಿಲ್ಲ. ಟ್ರೇ ಹೊರಗೆ ತೆಗೆದು ಮತ್ತೆ ಹಾಕುತ್ತೇನೆ, ಇಲ್ಲದಿದ್ದರೆ ಮೆಮೊರಿಯಲ್ಲಿ ಉಳಿದದ್ದನ್ನೇ ಓದಿ ಎಲ್ಲ ಸರಿಯಿದೆ ಎಂದು ಹೇಳಿಬಿಡಬಹುದು. ಇಮೇಜಿನಲ್ಲಿ ಇದ್ದಷ್ಟೇ ಸೆಕ್ಟರುಗಳನ್ನು ಓದಿ ಚೆಕ್‌ಸಮ್ ತಾಳೆ ನೋಡುತ್ತೇನೆ. ಆಮೇಲೆ ಬರೆದ ಡ್ರೈವ್ ಬಿಟ್ಟು ಇನ್ನೊಂದು ಡ್ರೈವಿನಲ್ಲಿಯೂ ಅದೇ ಪರೀಕ್ಷೆ ನಡೆಸುತ್ತೇನೆ. ಶಾಲೆಯ ಡ್ರೈವ್ ನನ್ನದರಷ್ಟು ಗಟ್ಟಿಯಾಗಿರುವುದಿಲ್ಲ. ಕೊನೆಗೆ ಅಂಗಡಿಯಲ್ಲಿರುವ ಅತಿ ಹಳೆಯ ಯಂತ್ರಕ್ಕೆ ಹಾಕಿ, ಡೆಸ್ಕ್‌ಟಾಪ್ ಬಂದು ಮೌಸ್ ಓಡಾಡುವವರೆಗೂ ನೋಡುತ್ತೇನೆ. ಈ ಕೊನೆಯ ಹೆಜ್ಜೆ ಬೇಡ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಬೂಟ್ ಮಾಡಿ ನೋಡದ ಸಿ.ಡಿ.ಯನ್ನು ಬೂಟ್ ಸಿ.ಡಿ. ಎಂದು ಯಾರ ಕೈಗೂ ಕೊಡಬಾರದು.

ಟೀಚರ್ ಎರಡು ನಕಲು ಒಯ್ದರು, ಒಂದು ಬಳಕೆಗೆ, ಒಂದು ಕಪಾಟಿಗೆ. ಹೊರಡುವ ಮುನ್ನ ಹೇಳಿದ್ದು ಇಷ್ಟು: ಸಿ.ಡಿ.ಯ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತಿರುಗುವಾಗ ಅದು ತೂಕ ತಪ್ಪಿಸುತ್ತದೆ. ಹೆಸರನ್ನು ನಡುವಿನ ಪಾರದರ್ಶಕ ಬಳೆಯ ಮೇಲೆ ಬರೆಯಿರಿ. ಸಿ.ಡಿ.ಯಲ್ಲಿ ಬೆಳಕು ಪ್ರತಿಫಲಿಸುವ ಪದರ ಹೆಸರು ಬರೆಯುವ ಬದಿಯಲ್ಲೇ ತೆಳುವಾದ ಲೇಪದ ಕೆಳಗಿರುತ್ತದೆ, ಆ ಬದಿಯ ಗೀರು ಹೊಳೆಯುವ ಬದಿಯ ಗೀರಿಗಿಂತ ಅಪಾಯಕಾರಿ. ಏಪ್ರಿಲ್, ಮೇ ತಿಂಗಳಲ್ಲಿ ಕಿಟಕಿಯ ಹತ್ತಿರ ಇಡಬೇಡಿ. ಇಮೇಜ್ ಫೈಲು ನನ್ನ ಬಳಿ ಇರುತ್ತದೆ. ಖಾಲಿ ಸಿ.ಡಿ. ತಂದರೆ ಅಂದೇ ಬರೆದು, ಬೂಟ್ ಮಾಡಿ ತೋರಿಸಿಯೇ ಕಳಿಸುತ್ತೇನೆ.