ಬುಲೆಟ್ ಕ್ಲಚ್ಚಿಗೆ ಸ್ವಲ್ಪ ಆಟ ಬಿಡಿ

ಕ್ಲಚ್ ಜಾರಿದರೆ, ಅಂದರೆ ಇಂಜಿನ್ ತಿರುಗಿದರೂ ಚಕ್ರಕ್ಕೆ ಎಳೆತ ಸಿಗದಿದ್ದರೆ, ಕೇಬಲ್ ಬಿಗಿ ಮಾಡಬೇಕು ಅನ್ನೋ ನಂಬಿಕೆ ನಮ್ಮ ತೀರ್ಥಹಳ್ಳಿ ಕಡೆ ಎಲ್ಲಿಂದ ಬಂತೋ! ಹಳೇ ಬುಲೆಟ್ಟಿಗೆ ಮಾಡಬೇಕಾದ್ದು ಇದರ ಉಲ್ಟಾ, ಸ್ವಲ್ಪ ಆಟ, ಅಂದರೆ ಸಡಿಲ, ಬಿಡಬೇಕು.

ಮೊನ್ನೆ ಪಕ್ಕದ ಮನೆ ಹುಡುಗ ಅವರಜ್ಜನ ಬುಲೆಟ್ ತಂದು ಅಂಗಳದಲ್ಲಿ ನಿಲ್ಲಿಸಿದ. ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು ಇರುವ ನಾಲ್ಕು ಗೇರಿನ ಗಾಡಿ. "ಅಣ್ಣಾ, ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಇಂಜಿನ್ ಕೂಗ್ತದೆ, ಗಾಡಿ ಎಳೆಯೋದೇ ಇಲ್ಲ" ಅಂದ. 14 ತಿರುವಿನ ಘಾಟಿ, ಹಿಂದೆ ಒಬ್ಬರು ಕೂತಿದ್ದರೆ ಕೇಳೋದೇ ಬೇಡ. ಕ್ಲಚ್ ಹಿಡಿ ಮುಟ್ಟಿ ನೋಡಿದೆ. ವೀಣೆ ತಂತಿ ಹಾಗೆ ಬಿಗಿಯಾಗಿತ್ತು. ಯಾರೋ ಚೆನ್ನಾಗಿ 'ರಿಪೇರಿ' ಮಾಡಿ ಕೊಟ್ಟಿದ್ದರು.

ವಿಷಯ ಇಷ್ಟೇ. ಕ್ಲಚ್ ಹಿಡಿ ಒತ್ತಿದಾಗ ಕೇಬಲ್ ಎಳೆದು, ಗೇರ್ ಬಾಕ್ಸ್ ಬಲಗಡೆಯ ಲಿವರ್ ಒಂದು ಉದ್ದ ರಾಡನ್ನು ತಳ್ಳುತ್ತದೆ. ಅದು ಶಾಫ್ಟ್ ಒಳಗಿಂದ ಹೋಗಿ ಎಡಗಡೆಯಲ್ಲಿ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿದಿರುವ ಪ್ರೆಷರ್ ಪ್ಲೇಟನ್ನು ಎತ್ತುತ್ತದೆ. ಪ್ಲೇಟುಗಳು ಸವೆದಷ್ಟೂ ಪ್ರೆಷರ್ ಪ್ಲೇಟ್ ಒಳಗೆ ಸರಿದು ರಾಡನ್ನು ಲಿವರ್ ಕಡೆಗೇ ತಳ್ಳುತ್ತದೆ. ಅಂದರೆ ಸವೆದ ಹಾಗೆ ಆಟ ಕಮ್ಮಿಯಾಗುತ್ತದೆ, ಜಾಸ್ತಿಯಲ್ಲ. ಅದರ ಮೇಲೆ ಕೇಬಲ್ಲೂ ಬಿಗಿದರೆ ಕ್ಲಚ್ಚನ್ನು ಯಾವಾಗಲೂ ಅರ್ಧ ಹಿಡಿದುಕೊಂಡೇ ಓಡಿಸಿದ ಹಾಗೆ, ಅಲ್ವಾ?

ಮೊದಲು ಕೇಬಲ್ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿದೆ. ಗೇರ್ ಬಾಕ್ಸ್ ಮೇಲಿನ ಚಿಕ್ಕ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದರೆ ಒಳಗೆ ಗ್ರೀಸ್ ಮೆತ್ತಿಕೊಂಡ ಲಿವರ್, ಅದರ ಮೇಲೆ ಲಾಕ್ ನಟ್ಟು, ನಡುವೆ ಸ್ಕ್ರೂ. ನಟ್ಟು ಸಡಿಲಿಸಿ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಬೇಕು. ರಾಡಿಗೆ ತಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ. ನಟ್ಟು ಬಿಗಿಯುವಾಗ ಸ್ಕ್ರೂ ಕೂಡ ಸುತ್ತಿಕೊಳ್ಳುತ್ತದೆ, ಅದಕ್ಕೆ ಸ್ಕ್ರೂಡ್ರೈವರ್ ಒತ್ತಿ ಹಿಡಿದೇ ಬಿಗಿಯಬೇಕು. ಕೊನೆಗೆ ಕೇಬಲ್ಲಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಆಟ ಬಿಟ್ಟರಾಯಿತು. ತೀರಾ ಜಾಸ್ತಿ ಬಿಟ್ಟರೆ ಗೇರು ಕರ್ರ್ ಅನ್ನುತ್ತದೆ, ನಿಂತಲ್ಲಿ ನ್ಯೂಟ್ರಲ್ಲೂ ಸಿಗಲ್ಲ.

ನಮ್ಮ ಮೈಸೂರಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನಲ್ಲಿ ಗೇರ್ ಲಿವರ್ ಒತ್ತಿದರೆ, ಕೈಯಲ್ಲಿ ಹಿಡಿದ ಹಾಗೆ, ಕ್ಲಚ್ ತಾನೇ ಬಿಚ್ಚಿಕೊಳ್ಳುತ್ತಿತ್ತು. ಅದರ ಅಡ್ಜಸ್ಟ್‌ಮೆಂಟಿನ ಕತೆಯೇ ಬೇರೆ, ಇನ್ನೊಮ್ಮೆ ಬರೀತೀನಿ.

ಪ್ಲೇಟೇ ಸುಟ್ಟುಹೋಗಿದ್ದರೆ ಇದ್ಯಾವುದೂ ನಡೆಯಲ್ಲ, ಎಡಗಡೆ ಕ್ಲಚ್ ಇರುವ ಚೈನ್ ಕೇಸ್ ಬಿಚ್ಚಲೇಬೇಕು. ಹುಡುಗನ ಅದೃಷ್ಟ, ಅಲ್ಲೀತನಕ ಹೋಗಿರಲಿಲ್ಲ. ಘಾಟಿ ಹತ್ತಿ ಬಂದು, "ಅಣ್ಣಾ, ಹಂಗೇ ಗೇರ್ ಬಾಕ್ಸ್ ಸೋರೋದೂ ನಿಲ್ಸಿಕೊಡಿ" ಅಂದ. ಅದಕ್ಕೆ ನನ್ನ ಹತ್ರ ಮದ್ದಿಲ್ಲ ಮಾರಾಯ, ಕೆಳಗೊಂದು ರಟ್ಟು ಹಾಸು ಅಂದೆ.