ಸೂರ್ಯ ಮುಳುಗುವ ಮುನ್ನ ಊಟ: ಶ್ರವಣಬೆಳಗೊಳದಲ್ಲಿ ಒಂದು ರಾತ್ರಿ

ಹಾಸನದಲ್ಲೇ ಹುಟ್ಟಿ ಬೆಳೆದ ನಾನು ಶ್ರವಣಬೆಳಗೊಳಕ್ಕೆ ಎಷ್ಟು ಸಲ ಹೋಗಿದ್ದರೂ, ಅವೆಲ್ಲ ಬೆಳಗ್ಗೆ ಹೊರಟು ಸಂಜೆ ಮರಳುವ ಅವಸರದ ಪ್ರವಾಸಗಳೇ ಆಗಿದ್ದವು. ಕಳೆದ ಮಾಗಿಯಲ್ಲಿ ಅಲ್ಲಿನ ಪರಿಚಿತ ಜೈನ ಕುಟುಂಬವೊಂದು ಒತ್ತಾಯಿಸಿ ಕರೆದದ್ದರಿಂದ ಪತ್ನಿಯೊಡನೆ ಒಂದು ರಾತ್ರಿ ಉಳಿದೆ. ಆ ಊರಿನಲ್ಲಿ ಬೆಟ್ಟ ಹತ್ತುವುದಕ್ಕೂ ಊಟಕ್ಕೆ ಕೂರುವುದಕ್ಕೂ ಸೂರ್ಯನೇ ಗಡಿಯಾರ ಎಂಬುದು ನನಗೆ ಅರಿವಾದದ್ದು ಆಗಲೇ.

ಬೆಂಗಳೂರಿನಿಂದ ಬರುವವರಿಗೆ ಕುಣಿಗಲ್ ಮಾರ್ಗದ ರೈಲು 2017ರಿಂದ ಅನುಕೂಲವಾಗಿದೆ. ಬಸ್ಸಿನಲ್ಲಿ ಬರುವವರು ಚನ್ನರಾಯಪಟ್ಟಣದಲ್ಲಿ ಇಳಿದು, ಅಲ್ಲಿಂದ ಹನ್ನೆರಡು ಹದಿಮೂರು ಕಿಲೋಮೀಟರು ಇನ್ನೊಂದು ಬಸ್ಸು ಹಿಡಿಯಬೇಕು. ಹೇಗೆ ಬಂದರೂ ಮಧ್ಯಾಹ್ನ ಮೂರು ಗಂಟೆಯೊಳಗೆ ಊರು ಸೇರುವಂತೆ ಹೊರಡಿ. ನಾವು ಹಾಸನದಲ್ಲಿ ಅದೂ ಇದೂ ಕೆಲಸ ಮುಗಿಸಿಕೊಂಡು ಆರೂವರೆಗೆ ತಲುಪಿದಾಗ ಹೊತ್ತು ಮುಳುಗಿತ್ತು, ಮನೆಯವರ ಊಟ ಮುಗಿದು ಅಡುಗೆಮನೆ ತೊಳೆದಾಗಿತ್ತು. ಕತ್ತಲಾದ ಮೇಲೆ ದೀಪದ ಬೆಳಕಿಗೆ ಬರುವ ಕ್ರಿಮಿಕೀಟಗಳಿಗೆ ಹಿಂಸೆಯಾಗಬಾರದೆಂಬ ಕಾರಣಕ್ಕೆ ನಿಷ್ಠಾವಂತ ಜೈನರು ರಾತ್ರಿ ಉಣ್ಣುವುದಿಲ್ಲ. ಆದರೂ ಮನೆಯ ಹಿರಿಯಾಕೆ ನಮ್ಮ ಪಾಲನ್ನು ಮುಚ್ಚಿಟ್ಟು ಕಾದಿದ್ದರು. ನಾವು ಉಣ್ಣುವಷ್ಟು ಹೊತ್ತೂ ಮಾತನಾಡುತ್ತ ಎದುರಿಗೆ ಕುಳಿತಿದ್ದ ಅವರು ಒಂದು ಲೋಟ ನೀರನ್ನೂ ಕುಡಿಯದಿದ್ದುದನ್ನು ಕಂಡು ನಮಗೆ ಸಂಕೋಚವಾಯಿತು.

ಸಂಕೋಚಕ್ಕೆ ಇನ್ನೊಂದು ಕಾರಣವೂ ಇತ್ತು. ಬರಿಗೈಯಲ್ಲಿ ಹೋಗಬಾರದೆಂದು ಸಕಲೇಶಪುರದ ಕಡೆಯಿಂದ ತರಿಸಿದ್ದ ಜೇನಿನ ಬಾಟಲಿಯನ್ನು ನಾನು ಕೈಗಿತ್ತಿದ್ದೆ. ಅವರು ನಕ್ಕು, ಜೇನು ತಮ್ಮಲ್ಲಿ ನಿಷಿದ್ಧವೆಂದು ಮೆಲ್ಲಗೆ ತಿಳಿಸಿ, ಮರಳಿ ನಮ್ಮ ಚೀಲಕ್ಕೇ ಸೇರಿಸಿದರು. ಬಾಳೆಹಣ್ಣು, ತೆಂಗಿನಕಾಯಿ ಒಯ್ದರೆ ಯಾವ ತೊಡಕೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಅಷ್ಟೇ ಅಲ್ಲ, ನೆಲದೊಳಗೆ ಬೆಳೆಯುವ ಗೆಡ್ಡೆಗಳೂ ಆ ಅಡುಗೆಯಲ್ಲಿರುವುದಿಲ್ಲ. ಆಲೂಗೆಡ್ಡೆಗೆ ಹೆಸರಾದ ಹಾಸನ ಜಿಲ್ಲೆಯಲ್ಲಿ ಅದಿಲ್ಲದ ಊಟವೆಂದರೆ ನಮ್ಮಂಥವರಿಗೆ ಸೋಜಿಗವೇ. ಆದರೆ ಅಕ್ಕಿರೊಟ್ಟಿ, ಹಿದುಕವರೆ ಸಾರು, ಬಾಳೆಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿಯ ಆ ಊಟದಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಅನ್ನಿಸಲಿಲ್ಲ. ಪರಿಚಿತರ ಮನೆಯಿಲ್ಲದವರು ಕ್ಷೇತ್ರದ ವಸತಿಗೃಹಗಳಲ್ಲಿ ಮುಂಚಿತವಾಗಿ ಕೋಣೆ ಗೊತ್ತುಮಾಡಿಕೊಳ್ಳಬಹುದು. ಅಲ್ಲಿಯೂ ಸಂಜೆಯ ಊಟಕ್ಕೆ ಬೆಳಕಿರುವಾಗಲೇ ಹೋಗುವುದು ಕ್ಷೇಮ.

ಮರುದಿನ ಬೆಳಗ್ಗೆ ಬೇಗನೆ ಗೊಮ್ಮಟನಿರುವ ದೊಡ್ಡಬೆಟ್ಟದ ಬುಡದಲ್ಲಿದ್ದೆವು. ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಸುಮಾರು 650 ಇವೆ, ಪಾದರಕ್ಷೆಯನ್ನು ಕೆಳಗೇ ಬಿಡಬೇಕು. ಹನ್ನೊಂದರ ಬಿಸಿಲಿಗೆ ಆ ಕಲ್ಲು ಕಾದ ಕಾವಲಿಯಾಗುತ್ತದೆಂಬುದನ್ನು ಹಿಂದೊಮ್ಮೆ ಅಂಗಾಲು ಸುಟ್ಟುಕೊಂಡು ಕಲಿತಿದ್ದೇನೆ. ಆದ್ದರಿಂದ ಚೀಲದಲ್ಲಿ ದಪ್ಪ ಕಾಲುಚೀಲವಿರಲಿ. ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ. 58 ಅಡಿಯ ಗೊಮ್ಮಟನನ್ನು ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ವಿಷಯ ಎಲ್ಲರಿಗೂ ಗೊತ್ತು. ಪಾದದ ಬಳಿಯಿರುವ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಸಾಲನ್ನು ಹುಡುಕಿ ನೋಡಿ. ಹಾಗೆಯೇ ಹೊರಗೆ ಎದುರಿಗೆ ನಿಂತಿರುವ ಗುಳ್ಳಕಾಯಜ್ಜಿಯನ್ನು ಮರೆಯಬೇಡಿ. ಚಾವುಂಡರಾಯ ಅಭಿಷೇಕಕ್ಕೆ ಸುರಿಸಿದ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯದಿದ್ದಾಗ ಈ ಮುದುಕಿ ಪುಟ್ಟ ಗುಳ್ಳಕಾಯಿಯೊಂದರಲ್ಲಿ ತಂದ ಹಾಲು ಪಾದದವರೆಗೂ ಹರಿಯಿತೆಂಬ ಐತಿಹ್ಯವನ್ನು ಹಿಂದಿನ ರಾತ್ರಿ ಹಿರಿಯಾಕೆ, ತಮ್ಮ ನೆರೆಮನೆಯಲ್ಲಿ ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳಿದ್ದರು.

ಬಹುಪಾಲು ಪ್ರವಾಸಿಗರು ಇಲ್ಲಿಂದಲೇ ಬಸ್ಸು ಹತ್ತುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಇರುವ ಸಮಯದ ದೊಡ್ಡ ಪಾಲು ಸಲ್ಲಬೇಕಾದದ್ದು ಎದುರಿನ ಚಿಕ್ಕಬೆಟ್ಟಕ್ಕೆ. ಏರು ಕಡಿಮೆ, ಜನವೂ ವಿರಳ, ಬಸದಿಗಳು ಒಂದೇ ಆವರಣದೊಳಗೆ ಒತ್ತೊತ್ತಾಗಿವೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ (ರಂಧ್ರಗಳಿರುವ ಜಾಲರಿಗಳಲ್ಲಿ) ಜೈನ ಗುರು ಭದ್ರಬಾಹು ಮತ್ತು ಚಂದ್ರಗುಪ್ತ ಮೌರ್ಯರ ಕಥೆಯನ್ನು ದಾಸೋಜನೆಂಬ ಶಿಲ್ಪಿ ಚಿಕ್ಕ ಚಿಕ್ಕ ಚೌಕಗಳಲ್ಲಿ ಬಿಡಿಸಿದ್ದಾನೆ, ಅದನ್ನು ನೋಡಲು ಒಂದು ಸಣ್ಣ ಟಾರ್ಚ್ ಬೇಕು. ಬೇಲೂರಿನಲ್ಲಿ ನಾವು ಹೆಸರೆತ್ತುವ ಹೊಯ್ಸಳ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯೂ ಇಲ್ಲಿದೆ. ಆಕೆಯ ತಾಯಿ ಮಾಚಿಕಬ್ಬೆ ಸಲ್ಲೇಖನ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತದಿಂದ ದೇಹ ಬಿಟ್ಟದ್ದೂ ಇದೇ ಕ್ಷೇತ್ರದಲ್ಲಿ. ಕಾಲಡಿಯ ಬಂಡೆಯ ಮೇಲೆಯೇ ಅಂಥ ಮರಣಗಳ ಶಾಸನಗಳು ಹರಡಿರುವುದರಿಂದ ನೋಡಿಕೊಂಡು ಹೆಜ್ಜೆಯಿಡಬೇಕು. ದಿಗಂಬರ ಮುನಿಗಳು ಎದುರಾದರೆ ದಾರಿ ಬಿಟ್ಟು ನಿಲ್ಲಿ, ಕೇಳದೆ ಮೊಬೈಲ್ ಎತ್ತಬೇಡಿ.

ಕೆಳಗಿಳಿದ ಮೇಲೆ ಊರೊಳಗಿನ ಭಂಡಾರ ಬಸದಿ ಮತ್ತು ಮಠದ ಗೋಡೆಚಿತ್ರಗಳಿಗೆ ಒಂದು ಗಂಟೆ ಸಾಕು. 1181ರ ಅಕ್ಕನ ಬಸದಿಯಲ್ಲಿ ಮಾತ್ರ ಹೊಳಪುಕೊಟ್ಟ ಕಂಬಗಳೆದುರು ಸ್ವಲ್ಪ ನಿಲ್ಲಿ. ಸಮಯ ಉಳಿದರೆ ಚಿಕ್ಕಬೆಟ್ಟದ ಹಿಂದಿನ ಜಿನನಾಥಪುರಕ್ಕೆ ಹೋಗಿ. ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಸಾದಾ ಆಗಿರುತ್ತದೆ, ಅಲ್ಲಿನ ಶಾಂತಿನಾಥ ಬಸದಿಯ ಹೊರಗೋಡೆಯಲ್ಲಿ ಹೊಯ್ಸಳ ಶಿಲ್ಪಗಳು ತುಂಬಿವೆ. ನಾವು ಅಲ್ಲಿಂದ ಮರಳಿ ಹಾಸನಕ್ಕೆ ಹೊರಡುವಾಗ ನಾಲ್ಕೂವರೆಯಾಗಿತ್ತು. ಹಿರಿಯಾಕೆ ಬುತ್ತಿ ಕಟ್ಟಿಕೊಟ್ಟು, ಆರರೊಳಗೆ ಉಂಡುಬಿಡಿ ಎಂದರು. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಬೆಂಚಿನ ಮೇಲೆ, ಇನ್ನೂ ಬಿಸಿಲಿರುವಾಗಲೇ, ಬುತ್ತಿ ಬಿಚ್ಚಿದೆವು.